ಇಲ್ಲದ ದೇಶಕ್ಕೆ ನಲವತ್ತು ದಿನ

ಫೆಬ್ರವರಿ 14, ಬುಧವಾರ

ಇಂದು ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರು. ಆರಾಧನೆ ಮುಗಿದ ಮೇಲೆ ಸರಪಳಿ ಪ್ರಾರ್ಥನೆಗೆ ಚೀಟಿ ಎತ್ತಿದರು. ನನ್ನಂಥವನ ಕೈಯಲ್ಲಿ ಚೀಟಿ ಎತ್ತಿಸುವುದೇ ಅನ್ಯಾಯ. ಪಳಗಿದ ಪೈಲ್ವಾನನಿಗೆ ಜೋಡಿಯನ್ನು ಚೀಟಿ ಎತ್ತಿ ಆರಿಸುತ್ತಾರೆಯೇ? ಆದರೆ ನಮ್ಮ ಉಪದೇಶಿಯಾರ್ ವೇದಮಾಣಿಕ್ಯಂ ಅವರಿಗೆ ನ್ಯಾಯವೆಂದರೆ ಎಲ್ಲರಿಗೂ ಒಂದೇ ಅಳತೆ. ಪಾದ್ರಿಗಳಾದ ಅಯ್ಯರ್ ಅವರು ತಿಂಗಳಿಗೊಮ್ಮೆ ಬಂದು ಹೋಗುವ ನಮ್ಮ ಕ್ರೈಸ್ತ ಗುಡಿಯಲ್ಲಿ, ಉಳಿದ ದಿನ ಅದನ್ನು ನೋಡಿಕೊಳ್ಳುವ ಉಪದೇಶಿಯಾರ್ ಹೇಳಿದ್ದೇ ವೇದ.

ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ದೇಶಗಳ ಹೆಸರು; ಯಾರಿಗೆ ಯಾವುದು ಬಂತೋ ಈಸ್ಟರ್ ತನಕ ದಿನವೂ ಅರ್ಧ ಗಂಟೆ ಆ ದೇಶಕ್ಕಾಗಿ ಪ್ರಾರ್ಥಿಸಬೇಕು. ಮೊದಲು ಕೈಹಾಕಿದವನು, ನನ್ನನ್ನು ಅಣ್ಣನೆಂದು ಕರೆಯುವ ತಂಗರಾಸು. ಅವನಿಗೆ ಉಕ್ರೇನ್ ಬಂತು. ಅವನ ಮುಖ ನೋಡಬೇಕಿತ್ತು, ಮಗಳಿಗೆ ಸರ್ಕಾರಿ ಕೆಲಸದ ಗಂಡು ಸಿಕ್ಕಂತೆ! "ಯುದ್ಧ ನಡೀತಿರೋ ದೇಶ ಅಣ್ಣಾಚಿ, ಭಾರೀ ಜವಾಬ್ದಾರಿ" ಎಂದ. ನನಗೆ ಬಂದದ್ದು ಯುಗೊಸ್ಲಾವಿಯಾ. ನಾನು ಎಂದೂ ಕೇಳಿದ ಹೆಸರಲ್ಲ. ನಾನು ಸೋಲಲಿಲ್ಲ. "ಹೆಸರೇ ಇಷ್ಟುದ್ದ ಇದ್ರೆ ದೇಶ ಎಷ್ಟಿರಬೇಕು ಲೆಕ್ಕ ಹಾಕಯ್ಯ" ಎಂದೆ. ಹೊತ್ತಿನ ಚೀಟಿಯಲ್ಲಿ ಮಧ್ಯಾಹ್ನ ಮೂರರಿಂದ ಮೂರೂವರೆ ಸಿಕ್ಕಿತು. ನನ್ನ ನಂತರ ಅಕ್ಕನ ಮಗಳು ಸೆಲ್ವಕನಿ. ಅವಳಾದ ಮೇಲೆ, ನಾಲ್ಕಕ್ಕೆ, ಇದೇ ತಂಗರಾಸು.

ಕಳೆದ ವರ್ಷ ನನಗೆ ಪೆರು ಬಂದಿತ್ತು. ಆಮೇಲೆ ಆ ದೇಶದ ಒಂದು ಕೆಟ್ಟ ಸುದ್ದಿಯೂ ನಮ್ಮೂರಿಗೆ ಬಂದಿಲ್ಲ. ಸುದ್ದಿಯೇ ಇಲ್ಲವೆಂದರೆ ಎಲ್ಲ ಸರಿಹೋಗಿದೆ ಎಂದಲ್ಲವೇ ಅರ್ಥ? ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಭಾನುವಾರ ಇದನ್ನೇ ಎದ್ದುನಿಂತು ಹೇಳಿದ್ದೆ. ಜನ ಬೆರಗಾಗಿದ್ದರು. ನಕ್ಕರೆಂದು ರತ್ನಬಾಯಿ ಹೇಳುತ್ತಾಳೆ. ಹೆಂಡತಿಗೆ ಗಂಡನ ಮಹಿಮೆ ಕಾಣುವುದು ಯಾವ ಕಾಲದಲ್ಲಿ?

ಫೆಬ್ರವರಿ 15, ಗುರುವಾರ

ಮೊದಲ ದಿನ. ಗುಡಿಯ ಪಕ್ಕದ ಚಿಕ್ಕ ಕೋಣೆ, ಒಂದು ಚಾಪೆ, ಒಂದು ಶಿಲುಬೆ, ಗೋಡೆ ಗಡಿಯಾರ. ನಿಯಮ ಎರಡೇ. ಬೆಳಗಿನ ಆರರಿಂದ ಸಂಜೆ ಆರರವರೆಗೆ ಕೋಣೆ ಒಂದು ಕ್ಷಣವೂ ಖಾಲಿ ಬೀಳಬಾರದು. ಮುಂದಿನವರು ಬಂದು ಮೊಣಕಾಲೂರುವ ತನಕ ಒಳಗಿದ್ದವರು ಏಳುವ ಹಾಗಿಲ್ಲ. ಇನ್ನೊಂದು, ಫೋನ್ ಬಾಗಿಲ ಹೊರಗಿನ, ತಾಳೆಯೋಲೆ ಹೆಣೆದ ಓಲೆಪೆಟ್ಟಿಗೆಯಲ್ಲಿ ಇಟ್ಟು ಬರಬೇಕು.

ಲೋಕವನ್ನೆಲ್ಲ ಹನ್ನೆರಡು ನಿಮಿಷದಲ್ಲಿ ಮುಗಿಸಿದೆ. ಅರಸರು, ಮಂತ್ರಿಗಳು, ಯುದ್ಧ, ಕ್ಷಾಮ, ಭೂಕಂಪ, ವಿಧವೆಯರು, ಸೆರೆಯಲ್ಲಿರುವವರು, ಕೊನೆಗೆ ಯುಗೊಸ್ಲಾವಿಯಾ. ಒಂದು ಕಾಲದಲ್ಲಿ ಸೂರ್ಯ ಮೇಲೇರುವ ಮೊದಲು ನಲವತ್ತು ತಾಳೆಮರ ಹತ್ತಿ ಇಳಿದವನು ನಾನು, ಕೈ ಚುರುಕಿದ್ದಂತೆ ಬಾಯಿಯೂ ಚುರುಕು. ಉಳಿದ ಹದಿನೆಂಟು ನಿಮಿಷ ಗೋಡೆಯ ಮೇಲಿನ ಹಲ್ಲಿ ನೋಡಿದೆ.

ಸೆಲ್ವಕನಿ ಹತ್ತು ನಿಮಿಷ ತಡವಾಗಿ ಬಂದಳು.

ಫೆಬ್ರವರಿ 20, ಮಂಗಳವಾರ

ಈ ಹುಡುಗಿ ದಿನವೂ ತಡ. ನಿನ್ನೆ ಹದಿನೈದು ನಿಮಿಷ, ಇಂದು ಇಪ್ಪತ್ತು. ನನ್ನ ಮೊಣಕಾಲೇನು ಬಾಡಿಗೆಗೆ ತಂದದ್ದೇ? ಅದಕ್ಕೊಂದು ಉಪಾಯ ಮಾಡಿದೆ. ಬಾಗಿಲಿಂದ ಇಣುಕಿದವಳು ಹೊತ್ತಾಯಿತೆಂದು ಬೇಗ ಬರಲಿ ಎಂದು, ಸ್ಟೂಲು ಹತ್ತಿ ಗಡಿಯಾರದ ಮುಳ್ಳನ್ನು ಹತ್ತು ನಿಮಿಷ ಮುಂದೆ ತಿರುಗಿಸಿದೆ. ಪ್ರಾರ್ಥನಾ ಕೋಣೆಯಲ್ಲಿ ಇಂಥ ಕೆಲಸವೇ ಎಂದು ಮನಸ್ಸು ಕೇಳಿತು. ಯೆಹೋಶುವನಿಗಾಗಿ ದೇವರು ಸೂರ್ಯನನ್ನೇ ನಿಲ್ಲಿಸಲಿಲ್ಲವೇ, ನಾನು ಬರೀ ಮುಳ್ಳು ತಿರುಗಿಸಿದೆ ಎಂದು ಅದಕ್ಕೆ ಉತ್ತರ ಕೊಟ್ಟೆ. ಸುಮ್ಮನಾಯಿತು.

ರಾತ್ರಿ ಊಟಕ್ಕೆ ಉದ್ದಿನ ಗಂಜಿ, ಮೇಲೆ ತಾಳೆಬೆಲ್ಲ. ಈಸ್ಟರ್ ತನಕ ಒಣಮೀನಿನ ವಾಸನೆಯೂ ಇಲ್ಲ. ಸಹಿಸುತ್ತಿದ್ದೇನೆ.

ಫೆಬ್ರವರಿ 26, ಸೋಮವಾರ

ಇಂದು ಸೆಲ್ವಕನಿಗೆ ಬೈದೇಬಿಟ್ಟೆ. ಮೂರೂ ಐವತ್ತಕ್ಕೆ ಬಂದಳು, ಅದೂ ನಾನು ತಿರುಗಿಸಿಟ್ಟ ಗಡಿಯಾರದಲ್ಲಿ ಸರಿಯಾಗಿ ನಾಲ್ಕು. ಅವಳ ಸರದಿ ಮುಗಿದ ಮೇಲೆ ಹೊರಗೆ ಬೇವಿನ ಮರದಡಿ ನಿಲ್ಲಿಸಿ ಕೇಳಿದೆ.

"ಏನಮ್ಮಾ, ಮಧ್ಯಾಹ್ನದ ನಿದ್ದೆ ಬಿಡೋಕಾಗಲ್ವಾ ನಿಂಗೆ?"

"ನಿದ್ದೆ ಮಾಡಿ ಎಷ್ಟು ದಿನ ಆಯ್ತು ಮಾಮಾ" ಎಂದಳು.

ಅವಳ ಗಂಡ ಪೊನ್‌ರಾಜ್ ಸರಕು ಹಡಗಿನಲ್ಲಿ ಅಡುಗೆಯವನು. ಹಡಗಿನವರ ಊಟ ಮುಗಿಸಿ, ಪಾತ್ರೆ ತೊಳೆಸಿ ಕೈ ಒರೆಸಿಕೊಂಡಾಗ ಫೋನ್ ಮಾಡುವುದು ಅವನ ರೂಢಿ. ಅದು ನಮ್ಮ ಮೂರು ಗಂಟೆಗೂ ಆಗಬಹುದು, ನಾಲ್ಕಕ್ಕೂ ಆಗಬಹುದು. ಈಗ ಹಡಗು ಕೆಂಪು ಸಮುದ್ರದಲ್ಲಿದೆ. ಅಲ್ಲಿ ಹಡಗುಗಳ ಮೇಲೆ ಗುಂಡು ಬೀಳುತ್ತಿರುವುದು ಟೀವಿ ನೋಡುವ ಎಲ್ಲರಿಗೂ ಗೊತ್ತು. ಒಂದು ವಾರದಿಂದ ಅವನ ಫೋನಿಲ್ಲ. ಕಂಪನಿಯವರು ಕ್ಷೇಮ ಎನ್ನುತ್ತಾರೆ, ಎಲ್ಲಿ ಎನ್ನುವುದಿಲ್ಲ. ಫೋನ್ ಪೆಟ್ಟಿಗೆಯಲ್ಲಿಟ್ಟು ಒಳಗೆ ಬರುವ ಧೈರ್ಯ ಬರುವ ತನಕ ಇವಳು ಬೇವಿನ ಮರದಡಿ ನಿಂತಿರುತ್ತಾಳೆ.

ಧೈರ್ಯ ಹೇಳೋಣವೆಂದು ನಾನು, "ಸುದ್ದಿ ಇಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ. ನೋಡು, ನನ್ನ ಪೆರು ದೇಶ..." ಎಂದೆ.

"ಮಾಮಾ, ಪೆರುವಲ್ಲಿ ನಿಮ್ಮೋರು ಯಾರಿದ್ದಾರೆ?"

"ಯಾರೂ ಇಲ್ಲ."

"ಅದಕ್ಕೇ" ಎಂದಳು.

ನಿನ್ನ ಅರ್ಧ ಗಂಟೆಯನ್ನೂ ನಾನೇ ನೋಡಿಕೊಳ್ಳುತ್ತೇನೆ, ನೀನು ಮರದಡಿಯೇ ಇರು ಎಂದೆ. ಒಪ್ಪಲಿಲ್ಲ. "ಅವರು ಅಲ್ಲಿ ತಮ್ಮ ಸರದಿ ಬಿಟ್ಟಿರಲ್ಲ. ನಾನು ಇಲ್ಲಿ ಬಿಡ್ಲಾ?" ಹಟಮಾರಿ. ಅಕ್ಕನೂ ಹೀಗೇ ಇದ್ದಳು.

ಮಾರ್ಚ್ 1, ಶುಕ್ರವಾರ

ಅರ್ಧ ಗಂಟೆ ಈಗ ಒಂದು ಗಂಟೆಯ ಹತ್ತಿರ ಬಂದಿದೆ. ಲೋಕ ಹನ್ನೆರಡು ನಿಮಿಷಕ್ಕಿಂತ ಹಿಗ್ಗುವುದಿಲ್ಲ. ಹಲ್ಲಿಯೂ ನನ್ನನ್ನು ನೋಡಿ ಬೇಸತ್ತು ಹೋಯಿತು. ಬೇರೆ ದಾರಿ ಕಾಣದೆ ಪ್ರಾರ್ಥನೆಗೆ ನಮ್ಮ ಬೀದಿಯನ್ನೇ ಹಿಡಿದೆ. ಈ ತುದಿಯಿಂದ ಒಂದೊಂದೇ ಮನೆ. ಮೂರನೆಯ ಮನೆಗೆ ಬರುವಷ್ಟರಲ್ಲಿ ಸರಕು ಮುಗಿಯಿತು. ಆ ಮನೆಯ ಅಜ್ಜಿ, ಪಾಕಿಯಂ ಪಾಟಿಗೆ ಏನು ಕಷ್ಟವಿದೆಯೋ ನನಗೆ ಗೊತ್ತೇ ಇಲ್ಲ! ಬೇಡಿಕೆ ಇಲ್ಲದೆ ಬರೀ ಹೆಸರು ಹೇಳಿದರೆ ಅದು ಪ್ರಾರ್ಥನೆಯಲ್ಲ, ಶಾಲೆಯ ಹಾಜರಿ.

ಸಂಜೆ ಹೋಗಿ ಕೇಳಿದೆ. "ನಿನ್ನ ಕಷ್ಟ ಏನು ಪಾಟಿ, ಬೇಗ ಹೇಳು."

"ಸಾಲ ಕೇಳೋಕೆ ಬಂದ್ಯಾ?" ಎಂದಳು ಮುದುಕಿ. ಆಮೇಲೆ ಕೂರಿಸಿ ಹೇಳಿದಳು. ಮುಕ್ಕಾಲು ಗಂಟೆ ಹೇಳಿದಳು. ನಡುವೆ ನನ್ನ ಮರ ಹತ್ತುವ ಕಾಲದ ಒಂದು ಕಥೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಜಾಗವೇ ಸಿಗಲಿಲ್ಲ.

ಮಾರ್ಚ್ 5, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ.

ಎಮಿಲಿ ಟೀಚರ್ ಮನೆಗೂ ಕಷ್ಟ ಕೇಳಲು ಹೋಗಿದ್ದೆ. ನಿವೃತ್ತಿಯಾದರೂ ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಕೂತಿರುತ್ತಾರೆ. ಮಾತಿನ ನಡುವೆ ನನ್ನ ದೇಶ ಯಾವುದೆಂದು ಕೇಳಿದರು. ಎದೆ ಉಬ್ಬಿಸಿ ಹೇಳಿದೆ. ಟೀಚರ್ ಕನ್ನಡಕ ತೆಗೆದರು.

"ಅರುಮೈನಾಯಗಂ, ಆ ದೇಶ ಈಗಿಲ್ಲ."

"ಎಲ್ಲಿಗೆ ಹೋಯ್ತು?"

"ಒಡೆದು ಚೂರಾಯ್ತು. ಮೂವತ್ತು ವರ್ಷವಾಯ್ತು. ಆ ಚೀಟಿಗಳನ್ನ ಬರೆದದ್ದು ನಮ್ಮಪ್ಪ. ಅವರು ಹೋಗಿಯೇ ಮೂವತ್ತೈದು ವರ್ಷ. ಆಮೇಲೆ ಉಕ್ರೇನ್‌ನಂಥ ಒಂದೆರಡು ಹೊಸ ಹೆಸರು ಸೇರಿಸಿದ್ದು ಬಿಟ್ಟರೆ ಯಾರೂ ಹಳೇ ಚೀಟಿ ತೆಗೆದು ನೋಡಿಲ್ಲ."

ಪಾಕಿಯಂ ಪಾಟಿಯೂ ಆ ದೇಶಕ್ಕಾಗಿ ಎರಡು ತಪಸ್ಸುಕಾಲ ಪ್ರಾರ್ಥಿಸಿದ್ದಳಂತೆ. ಯಾರಿಂದಲೂ ದೂರು ಬಂದಿರಲಿಲ್ಲ.

ಇಪ್ಪತ್ತು ದಿನ. ಇಪ್ಪತ್ತು ದಿನ ನಾನು ಇಲ್ಲದ ಮನೆಯ ಬಾಗಿಲು ಬಡಿದಿದ್ದೇನೆ. ತಂಗರಾಸುವಿಗೆ ಆಗಲೇ ಗೊತ್ತಾಗಿದೆ. ಬೀದಿಯಲ್ಲಿ ಎದುರಾಗಿ, "ಅಣ್ಣಾಚಿ, ಆದಾಮನ ಏದೆನ್ ತೋಟಕ್ಕೂ ಸ್ವಲ್ಪ ಪ್ರಾರ್ಥನೆ ಮಾಡ್ಬಿಡಿ, ಅದೂ ಈಗಿಲ್ಲ" ಎಂದ.

ಮಾರ್ಚ್ 6, ಬುಧವಾರ

ಹೋದೆ. ಮೊಣಕಾಲೂರಿದೆ. ಬಂದೆ.

ಮಾರ್ಚ್ 7, ಗುರುವಾರ

ಉಪದೇಶಿಯಾರ್ ಮುಂದೆ ಚೀಟಿ ಇಟ್ಟು, "ಬೇರೆ ದೇಶ ಕೊಡಿ, ಇದು ಕೆಟ್ಟುಹೋಗಿದೆ" ಎಂದೆ. ಅವರು ನೀರಾ ಕುಡಿಯುತ್ತಿದ್ದರು. ಒಂದು ಲೋಟ ನನಗೂ ಕೊಟ್ಟರು.

"ನಿಮ್ಮ ತಾತನ ಮನೆ ಪಾಲಾಯ್ತಲ್ಲ, ಆಗ ಆ ಮನೆಯೋರೆಲ್ಲ ಸತ್ತುಹೋದ್ರಾ?"

"ಇಲ್ಲ. ನಡುವೆ ಗೋಡೆ ಎದ್ದಿತು. ಐದು ಒಲೆ ಆಯ್ತು."

"ಆಮೇಲೂ ನಿಮ್ಮಜ್ಜಿ ಯಾವ ಒಲೆಗೆ ಪ್ರಾರ್ಥಿಸ್ತಿದ್ರು?"

ಅಜ್ಜಿ ಹಳೆಯ ಮನೆಯ ಹೆಸರು ಹಿಡಿದೇ ಪ್ರಾರ್ಥಿಸುತ್ತಿದ್ದಳು. ಐದು ಒಲೆಗಳಿಗೂ ಸೇರುತ್ತಿತ್ತು. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಬಂದೆ.

ದಾರಿಯಲ್ಲಿ ಟೀಚರ್ ಮನೆಗೆ ಹೋಗಿ ಎಷ್ಟು ಚೂರಾಯಿತೆಂದು ಕೇಳಿದೆ. ಕೆಲವರು ಆರು ಎನ್ನುತ್ತಾರಂತೆ, ಕೆಲವರು ಏಳು. ನಾನು ಏಳು ಎನ್ನುವವರ ಕಡೆ. ತಂಗರಾಸುವಿಗೆ ಹೇಳಿಬಿಟ್ಟೆ: "ಒಂದೇ ಚೀಟಿಗೆ ಏಳು ದೇಶ! ನಿನಗೆಷ್ಟಯ್ಯ, ಒಂದಾ?"

ಮಾರ್ಚ್ 12, ಮಂಗಳವಾರ

ಸೆಲ್ವಕನಿ ತಡವಾಗಿ ಬರುವುದನ್ನು ಕಂಡು ಬೀದಿಯಲ್ಲಿ ಮಾತು ಎದ್ದಿದೆ. ಭಕ್ತಿ ಇಲ್ಲದವಳಂತೆ! ಗಡಿಯಾರ ನೋಡಿಯೇ ಜನ ಲೆಕ್ಕ ಹಾಕುವುದು. ಸ್ಟೂಲು ಹತ್ತಿದೆ. ಮುಂದೆ ಹೋಗಿದ್ದ ಮುಳ್ಳನ್ನು ಹಿಂದಕ್ಕೆ ತಂದೆ, ತಂದಮೇಲೆ ಇನ್ನೂ ಇಪ್ಪತ್ತು ನಿಮಿಷ ಹಿಂದಕ್ಕೆ ಬಿಟ್ಟೆ. ಈಗ ಅವಳು ಬಂದಾಗ ಸರಿಯಾಗಿ ಮೂರೂವರೆ.

ಯಾರಾದರೂ ಕೇಳಿದರೆ ಉತ್ತರ ಹೇಳೋಣವೆಂದು ಬಾಗಿಲಲ್ಲೇ ನಿಂತಿದ್ದೆ. ನಾಲ್ಕಕ್ಕೆ ಬಂದ ತಂಗರಾಸು ಗೋಡೆ ನೋಡಿ, ತನ್ನ ಕೈಗಡಿಯಾರ ನೋಡಿ, "ಈ ಗಡಿಯಾರಕ್ಕೇನಾಯ್ತು ಅಣ್ಣಾಚಿ?" ಎಂದ.

"ತಪಸ್ಸುಕಾಲ ಅಲ್ವೇನಯ್ಯ, ಅದೂ ಉಪವಾಸ ಇದೆ. ನಡೆಯೋಕೆ ಶಕ್ತಿ ಇಲ್ಲ."

ನನ್ನನ್ನೇ ನೋಡಿದ. ಏನು ತಿಳಿಯಿತೋ, ಸುಮ್ಮನೆ ಮೊಣಕಾಲೂರಿದ.

ಬೀದಿಯ ಮನೆಗಳು ಮುಗಿದವು, ಹಿಂದಿನ ಬೀದಿ ಹಿಡಿದಿದ್ದೇನೆ. ಲೋಕವೂ ಈಗ ಹನ್ನೆರಡು ನಿಮಿಷದಲ್ಲಿ ಮುಗಿಯುತ್ತಿಲ್ಲ. ವಯಸ್ಸಾಯಿತು, ಬಾಯಿ ನಿಧಾನ.

ಮಾರ್ಚ್ 15, ಶುಕ್ರವಾರ

ಒಂದು ಹಡಗಿಗೆ ಬೆಂಕಿ ಬಿದ್ದಿತೆಂದು ಟೀವಿಯಲ್ಲಿ. ಹೆಸರು ಹೇಳಲಿಲ್ಲ.

ಸೆಲ್ವಕನಿ ಇಂದು ನಿಜವಾದ ಮೂರೂವರೆಗೇ ಬಂದಳು, ಗೋಡೆಯಲ್ಲಿ ಇನ್ನೂ ಮೂರೂ ಹತ್ತು. ಫೋನನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ತಿರುಗಿಯೂ ನೋಡದೆ ಒಳಗೆ ಬಂದಳು.

ಅವಳು ತಡವಾಗಿ ಬರುತ್ತಿದ್ದುದೇ ಚೆನ್ನಾಗಿತ್ತು.

ಮಾರ್ಚ್ 16, ಶನಿವಾರ

ಇಂದೂ ಸರಿಯಾದ ಹೊತ್ತಿಗೆ ಬಂದಳು. ನನ್ನ ಕೆಲಸ ಮುಗಿದಿತ್ತು, ಮನೆಗೆ ಹೋಗಬಹುದಿತ್ತು. ರತ್ನಬಾಯಿ ತಾಳೆಬೆಲ್ಲದ ಕಾಫಿ ಕಾಯಿಸಿಟ್ಟು ಕಾಯುತ್ತಿರುತ್ತಾಳೆ. ಆದರೆ ಹೊರಗೆ ಗಾಳಿ ಹಿತವಾಗಿತ್ತು. ಪೆಟ್ಟಿಗೆಯ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಮುಚ್ಚಳ ಸ್ವಲ್ಪ ತೆರೆದಿಟ್ಟೆ. ಓಲೆಪೆಟ್ಟಿಗೆಗೂ ಗಾಳಿಯಾಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಮಾರ್ಚ್ 18, ಸೋಮವಾರ

ಕೂತೆ. ಫೋನ್ ಒಮ್ಮೆ ಗುಂಯ್ ಎಂದಿತು. ಯಾವುದೋ ಜಾಹೀರಾತು. ಕಳಿಸಿದವನನ್ನು ಮನಸ್ಸಿನಲ್ಲೇ ಬೈದೆ, ಆಮೇಲೆ ಅವನಿಗೂ ಎರಡು ಮಾತು ಪ್ರಾರ್ಥಿಸಿದೆ. ಎದುರಿಗೇ ಗುಡಿ, ಏನು ಮಾಡುವುದು.

"ಕಾಫಿ ಆರಿ ಅಂಟಾಗಿದೆ, ಮೂರು ದಿನದಿಂದ ಎಲ್ಲಿ ಸುತ್ತುತಿದೀರಿ?" ಎಂದಳು ರತ್ನಬಾಯಿ. ಊರ ಕೆಲಸ ಎಂದೆ.

ಮಾರ್ಚ್ 19, ಮಂಗಳವಾರ

ಮೂರೂ ಮುಕ್ಕಾಲು ಆಗಿರಬೇಕು. ಪೆಟ್ಟಿಗೆಯೊಳಗೆ ಫೋನ್ ಬೊಬ್ಬೆ ಹಾಕಿತು. ಎತ್ತಿದೆ. ನನಗೆ ಆ ಫೋನಿನ ಗುಂಡಿ ತಿಳಿಯದು. ಒತ್ತಿದೆ, ಉಜ್ಜಿದೆ, ಕೊನೆಗೆ ಮೇಲಕ್ಕೆ ಎಳೆದೆ. ಮರ ಹತ್ತಿದ ಕೈ ಇದು, ಗಾಜು ಉಜ್ಜಿ ಗೊತ್ತಿಲ್ಲ.

"ಸೆಲ್ವಕನೀ?"

"ನಾನು ಕಣೋ, ಮಾಮಾ."

"ಮಾಮಾ..." ಎಂದ ಪೊನ್‌ರಾಜ್. ಹಿಂದೆ ಗಾಳಿಯ ಸದ್ದು. ಆಮೇಲೆ, "ಮಾಮಾ, ದಾಟಿದೆವು" ಎಂದ.

"ಹಾಗೇ ಹಿಡ್ಕೊಂಡಿರು. ಇಟ್ಟೆ ಅಂದ್ರೆ ನೋಡು, ಈಜಿಕೊಂಡು ಬಂದು ಒದೀತೀನಿ!"

ಫೋನನ್ನು ಪೆಟ್ಟಿಗೆಯ ಮೇಲಿಟ್ಟು ಒಳಗೆ ಓಡಿದೆ. ಸೆಲ್ವಕನಿ ಕಣ್ಣು ಮುಚ್ಚಿ ಕೂತಿದ್ದಳು. ಹೆಗಲು ಮುಟ್ಟಿದೆ. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಆದರೂ ಏಳಲಿಲ್ಲ! ಕಣ್ಣಲ್ಲೇ ಚಾಪೆ ತೋರಿಸಿದಳು. ನಾನು ಧೊಪ್ಪೆಂದು ಮೊಣಕಾಲೂರಿದ ಮೇಲೆಯೇ ಎದ್ದು ಓಡಿದ್ದು. ಸರಪಳಿ ಕಡಿಯಲು ಬಿಡಲಿಲ್ಲ. ನನ್ನ ಅಕ್ಕನ ಮಗಳಲ್ಲವೇ.

ಹೊರಗೆ ಅವಳ ಅಳು ಕೇಳಿಸಿತು, ನಗು ಕೇಳಿಸಿತು, ಆಮೇಲೆ ಜನ ಓಡಿಬರುವ ಸದ್ದು. ಯಾರೋ ಗುಡಿಯ ಗಂಟೆ ಬಾರಿಸಿದರು. ಎಲ್ಲರಿಗಿಂತ ಮೊದಲು ಸುದ್ದಿ ಗೊತ್ತಾದವನು ನಾನು, ಏನೂ ಕೇಳಲಾಗದೆ ಒಳಗೆ ಸಿಕ್ಕಿಕೊಂಡವನೂ ನಾನೇ. ನಾಲ್ಕಾಯಿತು, ತಂಗರಾಸು ಇಲ್ಲ. ಅವನು ಹೊರಗೆ ನಿಂತು ಬಂದವರಿಗೆಲ್ಲ ಮೊದಲಿಂದ ಕಥೆ ಹೇಳುತ್ತಿದ್ದ, ತಾನೇ ಹಡಗಿನಲ್ಲಿದ್ದವನಂತೆ. ಈ ತಪಸ್ಸುಕಾಲದಲ್ಲಿ ಮೊದಲ ಸಲ ತಡವಾಗಿ, ನಾಲ್ಕೂ ಇಪ್ಪತ್ತಕ್ಕೆ ಬಂದ. "ಏನ್ ಅಣ್ಣಾಚಿ, ಊರೆಲ್ಲ ಹೊರಗಿದ್ರೆ ನೀವು ಇಲ್ಲಿ?"

ಏಳಲು ಹೋದರೆ ಕಾಲು ಮಡಚಿದಂತೆಯೇ ನಿಂತುಬಿಟ್ಟಿತ್ತು. ಅವನೇ ಹಿಡಿದು ಎಬ್ಬಿಸಿದ. ಇಂದು ಹಿಂದಿನ ಬೀದಿಯೂ ಮುಗಿಯಿತು, ಏಳು ದೇಶಗಳೂ ಮುಗಿದವು.

ಮಾರ್ಚ್ 21, ಗುರುವಾರ

ಪೊನ್‌ರಾಜ್ ಇಂದು ನನ್ನೊಡನೆ ಮಾತಾಡಬೇಕೆಂದನಂತೆ. ಸೆಲ್ವಕನಿ ಫೋನ್ ತಂದುಕೊಟ್ಟಳು. ನಾಲ್ಕು ವಾರ ದೀಪ ಆರಿಸಿ, ಕಂಪನಿಯ ಅಪ್ಪಣೆಯಂತೆ ಫೋನೆಲ್ಲ ಬಂದ್ ಮಾಡಿ, ಒಂದು ಕೊಲ್ಲಿಯಲ್ಲಿ ಅಡಗಿ ನಿಂತಿದ್ದರಂತೆ. ಅಕ್ಕಿ ಮುಗಿಯುತ್ತ ಬಂದಾಗ ಗಂಜಿ ಕಾಯಿಸಿ ಇಪ್ಪತ್ತೆರಡು ಜನರ ಹೊಟ್ಟೆ ತುಂಬಿಸಿದ್ದಾನೆ. ಭೇಷ್ ಎಂದೆ.

"ನಂದೇನೂ ಇಲ್ಲ ಮಾಮಾ. ನಮ್ಮ ಕ್ಯಾಪ್ಟನ್, ನಿಮ್ಮ ವಯಸ್ಸಿನೋರು. ದಾಟೋ ಎರಡು ರಾತ್ರಿ ಎರಡು ಹಗಲು ಕೂತಿಲ್ಲ. ನಾನು ಕೊಟ್ಟ ಗಂಜಿ ನಿಂತೇ ಕುಡಿದ್ರು. ಅವರೇ ನಮ್ಮನ್ನ ಉಳಿಸಿದ್ದು."

"ಯಾವ ದೇಶದವರೋ?"

"ಅದೇ ತಮಾಷೆ ಮಾಮಾ. ಹುಟ್ಟಿದ ದೇಶ ಯಾವುದು ಸಾರ್ ಅಂದ್ರೆ, ಅದು ಈಗಿಲ್ಲ ಕಣಯ್ಯ ಅಂತಾರೆ. ಯುಗೊಸ್... ಏನೋ ಉದ್ದದ ಹೆಸರು. ಆ ಹೆಸರು ಹೇಳೋರೇ ಲೋಕದಲ್ಲಿ ಉಳಿದಿಲ್ಲ ಅಂದ್ರು."

ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿ, ಜೇಬಿನ ಚೀಟಿ ಮುಟ್ಟಿ ನೋಡಿದೆ. ಇದನ್ನು ರತ್ನಬಾಯಿ ಕೇಳಿದರೆ ನಂಬುವುದಿಲ್ಲ.

"ಲೈನ್ ಕಟ್ಟಾಯ್ತಾ ಮಾಮಾ?"

"ಇಲ್ಲ, ಇದ್ದೀನಿ. ಅವರ ಹೆಸರೇನು?"

"ಮಿರ್ಕೊ."

ಬರೆದುಕೊಂಡೆ.

ಮಾರ್ಚ್ 24, ಗರಿಗಳ ಭಾನುವಾರ

ಎಳೆಯ ತಾಳೆಗರಿ ಹೆಣೆದು ಅರವತ್ತು ಶಿಲುಬೆ ಮಾಡಿದೆ. ನನ್ನಷ್ಟು ಚೆನ್ನಾಗಿ ಹೆಣೆಯುವವರು ಈ ಜಿಲ್ಲೆಯಲ್ಲಿ ಇಲ್ಲ, ಇದು ಬರೀ ನಿಜ.

ಆರಾಧನೆಯ ಕೊನೆಗೆ ಸಾಕ್ಷಿಯ ಹೊತ್ತು. ಉಪದೇಶಿಯಾರ್ ನನ್ನ ಕಡೆಯೇ ನೋಡಿದರು. ರತ್ನಬಾಯಿ ಹೆಂಗಸರ ಸಾಲಿನಿಂದ ಕಣ್ಣು ಬಿಟ್ಟಳು, ಏಳಿರೆಂದೋ ಏಳಬೇಡಿರೆಂದೋ ತಿಳಿಯಲಿಲ್ಲ. ಜೇಬಿನಲ್ಲಿ ಚೀಟಿ ಇತ್ತು. ಅದನ್ನು ತೆಗೆದು ಎತ್ತಿ ಹಿಡಿದಿದ್ದರೆ ಸಾಕಿತ್ತು, ಗುಡಿಯ ಹೆಂಚು ಹಾರುತ್ತಿತ್ತು. ತಂಗರಾಸು ಮುಂದಿನ ಏಳು ಜನ್ಮ ಬಾಯಿ ತೆರೆಯುತ್ತಿರಲಿಲ್ಲ. (ನಮ್ಮಲ್ಲಿ ಏಳು ಜನ್ಮ ಇಲ್ಲ, ಮಾತಿಗೆ ಬರೆದೆ.)

ಅಷ್ಟರಲ್ಲಿ ತಂಗರಾಸುವೇ ಎದ್ದ. ತಾನು ದಿನವೂ ನಾಲ್ಕು ಗಂಟೆಗೆ ಪೊನ್‌ರಾಜನಿಗಾಗಿ ಪ್ರಾರ್ಥಿಸುತ್ತಿದ್ದೆ ಎಂದ. ನನಗೆ ಇದು ಗೊತ್ತಿರಲಿಲ್ಲ. ಅವನ ನಂತರ ಪಾಕಿಯಂ ಪಾಟಿ, ಆಮೇಲೆ ಇನ್ನೂ ಮೂವರು. ಎಲ್ಲರೂ ಪೊನ್‌ರಾಜನ ಹೆಸರು ಹಿಡಿದೇ ಪ್ರಾರ್ಥಿಸಿದ್ದರಂತೆ. ನಾನು ಏಳಲಿಲ್ಲ. ಮೊಣಕಾಲು ನೋಯುತ್ತಿತ್ತು.

ದಾರಿಯಲ್ಲಿ ರತ್ನಬಾಯಿ, "ಮೈಗೆ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು.

ಮಾರ್ಚ್ 31, ಈಸ್ಟರ್

ಒಣಮೀನಿನ ಸಾರು! ಮೂರು ತಟ್ಟೆ ಅನ್ನ. ಬೇರೆ ಬರೆಯಲು ಹೊಟ್ಟೆ ಬಿಡುತ್ತಿಲ್ಲ.

ಏಪ್ರಿಲ್ 1, ಸೋಮವಾರ

ಎಮಿಲಿ ಟೀಚರ್ ಹೊಸ ಚೀಟಿಗಳನ್ನು ಬರೆಯುತ್ತಿದ್ದಾರೆ. ನನ್ನ ದೇಶದ ಜಾಗದಲ್ಲಿ ಏಳು ಚೀಟಿ. ಹಳೆಯದನ್ನು ಕೊಡು, ಒಲೆಗೆ ಹಾಕುತ್ತೇನೆ ಎಂದರು. ಕಳೆದುಹೋಯಿತೆಂದೆ. ಅದು ಈ ಪುಸ್ತಕದ ನಡುವೆ ಇದೆ.

ಮಧ್ಯಾಹ್ನ ಮೂರಕ್ಕೆ ಕಾಲು ತಾನಾಗಿ ಆ ಕಡೆ ನಡೆಯಿತು. ಕೋಣೆಗೆ ಬೀಗ. ಬಿಸಿಲಿಗೆ ಕೊಡೆ ಹಿಡಿದು ಮೆಟ್ಟಿಲ ಮೇಲೆ ಕೂತೆ, ಹೊತ್ತು ಹೋದದ್ದು ತಿಳಿಯಲಿಲ್ಲ. ಮೂರೂವರೆಗೆ ಸೆಲ್ವಕನಿ ಬಂದಳು.

"ಸರಪಳಿ ಶನಿವಾರವೇ ಮುಗೀತಲ್ಲ ಮಾಮಾ, ಇಲ್ಲೇನು?"

"ಕೊಡೆ ಬಿಟ್ಟು ಹೋಗಿದ್ದೆ, ಹುಡುಕೋಣ ಅಂತ."

"ಕೈಯಲ್ಲೇ ಇದೆ."

"ಸಿಕ್ತು ಹಾಗಾದ್ರೆ. ನೀನ್ಯಾಕೆ ಬಂದೆ?"

ಕೊಡೆಯ ನೆರಳಿಗೆ ಸರಿದು ಪಕ್ಕದಲ್ಲಿ ಕೂತಳು. ಫೋನು ಮಡಿಲಲ್ಲಿತ್ತು. ಬೇವಿನ ಹೂ ಉದುರುತ್ತಿತ್ತು.

ಸರಿಯಾಗಿ ನಾಲ್ಕಕ್ಕೆ ತಂಗರಾಸು ಬಂದ. ನಮ್ಮನ್ನು ಕಂಡು ತಡವರಿಸಿ, ಕೊಡೆ ಮರೆತು ಹೋಗಿದ್ದೆ ಎಂದ. ಅವನಿಗೆ ಹುಟ್ಟಿದಾಗಿನಿಂದ ಕೊಡೆಯೇ ಇಲ್ಲ.

ಎದ್ದು ಜಾಗ ಬಿಟ್ಟುಕೊಟ್ಟೆ.